ಕಡಲಿಲ್ಲದ ನಾಡಿಗೆ ಕಡಲ ದಾರಿ

ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಹೊಲದ ದಾರಿಯ ತಕರಾರು ಗೊತ್ತಿರುತ್ತದೆ. ನಿಮ್ಮ ಹೊಲ ಊರ ರಸ್ತೆಗೆ ತಾಗಿಕೊಂಡಿಲ್ಲ. ನಡುವೆ ಇನ್ನೊಬ್ಬರ ಹೊಲವಿದೆ. ಬಿತ್ತನೆ ಬೀಜ, ಗೊಬ್ಬರದ ಗಾಡಿ, ಕೊಯ್ದ ಬೆಳೆ ಎಲ್ಲವೂ ಆ ಹೊಲವನ್ನು ಹಾದೇ ಹೋಗಬೇಕು. ಸರ್ವೆ ನಕಾಶೆಯಲ್ಲಿ ಬಂಡಿದಾರಿ ಗುರುತಾಗಿದ್ದರೆ ಒಂದು ಧೈರ್ಯ. ಆದರೂ ನೆರೆಯವರ ಮನಸ್ಸು ಕೆಟ್ಟರೆ ದಾರಿಗೆ ಬೇಲಿ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ. ಕಚೇರಿಗಳಿಗೆ ಅಲೆದು ಆ ಬೇಲಿಯನ್ನು ತೆಗೆಸುವಷ್ಟರಲ್ಲಿ ಹಂಗಾಮು ಮುಗಿದುಹೋಗಿರುತ್ತದೆ.

ಇಡೀ ಒಂದು ದೇಶವೇ ಇಂಥ ಒಳಹೊಲದ ಸ್ಥಿತಿಯಲ್ಲಿದ್ದರೆ ಹೇಗಿರಬಹುದು, ಯೋಚಿಸಿ. ನೇಪಾಳದ ಭೂಪಟವನ್ನು ಒಮ್ಮೆ ಮುಂದೆ ಹರಡಿಕೊಳ್ಳಿ. ಪೂರ್ವ, ದಕ್ಷಿಣ, ಪಶ್ಚಿಮ ಈ ಮೂರು ದಿಕ್ಕಿಗೂ ಭಾರತ. ಉತ್ತರಕ್ಕೆ ಹಿಮಾಲಯ, ಅದರಾಚೆ ಚೀನದ ಟಿಬೆಟ್. ಎಲ್ಲಿಯೂ ಸಮುದ್ರವಿಲ್ಲ. ನೇಪಾಳ ಬಹುಕಾಲದಿಂದ ನೆಚ್ಚಿಕೊಂಡು ಬಂದಿರುವ ಕಡಲ ಬಾಗಿಲೆಂದರೆ ನಮ್ಮ ಪಶ್ಚಿಮ ಬಂಗಾಳದ ಕೋಲ್ಕತ್ತ ಮತ್ತು ಹಾಲ್ದಿಯಾ ಬಂದರುಗಳು. ಅಲ್ಲಿಂದ ಬಿಹಾರವನ್ನು ದಾಟಿ ಸುಮಾರು 700 ಕಿ.ಮೀ. ರೈಲಿನಲ್ಲಿ ಸಾಗಿದರೆ ಗಡಿಯ ಊರು ರಕ್ಸೌಲ್. ಪುಟ್ಟದೊಂದು ನದಿಯಾಚೆ ನೇಪಾಳದ ಬೀರ್‌ಗಂಜ್. ನೇಪಾಳ ಹೊರಗಿನಿಂದ ತರಿಸಿಕೊಳ್ಳುವ ಸರಕಿಗೆ ಇದೇ ಎಲ್ಲಕ್ಕಿಂತ ದೊಡ್ಡ ಹೆಬ್ಬಾಗಿಲು.

‘ಕಾರಿಡಾರ್’ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಚೀನ-ಪಾಕಿಸ್ತಾನಗಳ ನಡುವಿನ ಆರ್ಥಿಕ ಕಾರಿಡಾರ್ 2015ರಲ್ಲಿ ದೊಡ್ಡ ಸುದ್ದಿಯಾದ ಮೇಲಂತೂ ಇದು ಮನೆಮಾತೇ ಆಗಿದೆ. ಆದರೆ ಈ ಪದ ಬಳಕೆಗೆ ಬರುವುದಕ್ಕೆ ಬಹಳ ಮೊದಲೇ ನಮ್ಮ ನೆರೆಯಲ್ಲಿ ಅಂಥದೊಂದು ದಾರಿ ನಡೆದುಕೊಂಡು ಬಂದಿತ್ತು. ರಕ್ಸೌಲ್-ಬೀರ್‌ಗಂಜ್ ದಾರಿಯನ್ನು ಅರ್ಥ ಮಾಡಿಕೊಂಡರೆ ಎರಡು ದೇಶಗಳ ನಡುವಿನ ಯಾವುದೇ ಕಾರಿಡಾರಿನ ಒಳಗುಟ್ಟು ಅರ್ಥವಾದಂತೆಯೇ. ಚರ್ಚೆಯಲ್ಲಿ ನೀವು ಕೇಳಲಿರುವ ವಾದಗಳಿಗೆ ಹಿನ್ನೆಲೆಯಾಗಿ ಈ ಲೇಖನ.

ಹಮಾಲರ ಹೆಗಲ ಮೇಲೆ ಮೋಟಾರು

ರಕ್ಸೌಲಿಗೆ ಹೋಗುವ ರೈಲುಮಾರ್ಗ ಸುಗೌಲಿ ಎಂಬ ಜಂಕ್ಷನ್ನಿನಲ್ಲಿ ಕವಲೊಡೆಯುತ್ತದೆ. ಇತಿಹಾಸ ಓದಿದವರಿಗೆ ಈ ಹೆಸರು ಪರಿಚಿತ. ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ನಡೆದ ಯುದ್ಧದ ನಂತರ 1815ರ ಡಿಸೆಂಬರಿನಲ್ಲಿ ಸಹಿಯಾಗಿ 1816ರ ಮಾರ್ಚಿಯಲ್ಲಿ ಜಾರಿಗೆ ಬಂದ ಒಪ್ಪಂದ ಸುಗೌಲಿಯದೇ. ನೇಪಾಳದ ಇಂದಿನ ಗಡಿಯ ಮೂಲರೂಪ ಅಲ್ಲಿ ನಿಂತಿತು. ಇಂದು ಭಾರತ-ನೇಪಾಳ ಗಡಿಯ ಉದ್ದ ಸುಮಾರು 1,750 ಕಿ.ಮೀ.

1927ರಲ್ಲಿ ರಾಣಾ ಪ್ರಧಾನಿಗಳ ಆಳ್ವಿಕೆಯಲ್ಲಿ ರಕ್ಸೌಲಿನಿಂದ ಅಮ್ಲೇಖ್‌ಗಂಜ್‌ವರೆಗೆ ನ್ಯಾರೋಗೇಜ್ ರೈಲು ಓಡತೊಡಗಿತು. ತರಾಯಿಯ ಕಾಡನ್ನು ಸೀಳಿಕೊಂಡು ಹೋಗುತ್ತಿದ್ದ ಈ ರೈಲು ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಭೀಮ್‌ಫೇದಿಯವರೆಗೆ ಮೋಟಾರು ರಸ್ತೆ. ಆಮೇಲೆ ಚೀಸಾಪಾನಿ ಗಢಿ, ಚಂದ್ರಗಿರಿ ಎಂಬ ಎರಡು ಕಣಿವೆಗಳನ್ನು ಹತ್ತಿ ಇಳಿಯುವ ಕಾಲುದಾರಿ. ಕಠ್ಮಂಡುವಿನ ಅರಮನೆಗಳಿಗೆ ಬೇಕಾದ ಮೋಟಾರು ಕಾರುಗಳನ್ನು ಬಿದಿರಿನ ಚೌಕಟ್ಟಿಗೆ ಬಿಗಿದು, ಹತ್ತಾರು ಮಂದಿ ಹಮಾಲರು ಹೆಗಲ ಮೇಲೆ ಹೊತ್ತು ಈ ಬೆಟ್ಟಗಳನ್ನು ದಾಟಿಸುತ್ತಿದ್ದರು. ಕಾರು ಓಡಲು ಕಣಿವೆಯೊಳಗೆ ರಸ್ತೆಯಿತ್ತು. ಕಣಿವೆಗೆ ಬರಲು ಮಾತ್ರ ರಸ್ತೆಯಿರಲಿಲ್ಲ.

ಈ ಕೊರತೆ ನೀಗಿದ್ದು 1950ರ ದಶಕದಲ್ಲಿ. ಭಾರತೀಯ ಸೇನೆಯ ಎಂಜಿನಿಯರುಗಳು 1953ರಿಂದ 1956ರವರೆಗೆ ದುಡಿದು ತ್ರಿಭುವನ ರಾಜಪಥವನ್ನು ಕಟ್ಟಿದರು. ಸಿಮ್‌ಭಂಜ್ಯಾಂಗ್ ಬಳಿ ಸುಮಾರು 2,500 ಮೀಟರ್ ಎತ್ತರಕ್ಕೆ ಏರುವ ಈ ರಸ್ತೆಯ ಮೂಲಕ ಕಠ್ಮಂಡುವಿಗೆ ಮೊದಲ ಬಾರಿಗೆ ಹೊರಗಿನಿಂದ ಲಾರಿ ಬಂತು. ಹಳೆಯ ಪುಟ್ಟ ರೈಲು ಕ್ರಮೇಣ ಮೂಲೆಗೆ ಸರಿದು 1960ರ ದಶಕದಲ್ಲಿ ಅಮ್ಲೇಖ್‌ಗಂಜ್‌ವರೆಗಿನ ಓಡಾಟ ನಿಂತೇಹೋಯಿತು.

ಇಲ್ಲೊಂದು ಸ್ವಾರಸ್ಯವಿದೆ. ರಾಜಪಥದ ತಿರುವುಗಳು ಭಾರಿ ಲಾರಿಗಳಿಗೆ ಹೊಂದುವುದಿಲ್ಲ. ಅವು ಇಂದು ಹೇಟೌಡಾ, ನಾರಾಯಣಗಢ, ಮುಗ್ಲಿಂಗ್ ಮೂಲಕ ಬಳಸಿಕೊಂಡು ಹೋಗುತ್ತವೆ. ಮುಗ್ಲಿಂಗ್‌ನಿಂದ ಕಠ್ಮಂಡುವಿಗೆ ಹೋಗುವ ಪೃಥ್ವಿ ಹೆದ್ದಾರಿಯನ್ನು 1974ರಲ್ಲಿ ಮುಗಿಸಿಕೊಟ್ಟದ್ದು ಚೀನ. ಕೋಲ್ಕತ್ತದಲ್ಲಿ ಇಳಿದು ಬಿಹಾರ ದಾಟಿ ಬಂದ ಸರಕು ಕೊನೆಯ ಹಾದಿಯನ್ನು ಚೀನದವರು ಕಟ್ಟಿದ ರಸ್ತೆಯಲ್ಲಿ ಕ್ರಮಿಸುತ್ತದೆ. ನೇಪಾಳದ ವಿದೇಶಾಂಗ ನೀತಿಯ ಕಥೆಯೆಲ್ಲ ಈ ಒಂದು ಪ್ರಯಾಣದಲ್ಲೇ ಅಡಗಿದೆ ಎನ್ನಬಹುದು.

ಬೀರ್‌ಗಂಜ್‌ನಿಂದ ಕಠ್ಮಂಡು, ಹಕ್ಕಿ ಹಾರಿದರೆ ಸುಮಾರು 90 ಕಿ.ಮೀ. ಲಾರಿ ಹೋಗುವ ದಾರಿ ಅದರ ಸುಮಾರು ಮೂರರಷ್ಟು. ಮಳೆಗಾಲದಲ್ಲಿ ನಾರಾಯಣಗಢ-ಮುಗ್ಲಿಂಗ್ ನಡುವೆ ಗುಡ್ಡ ಕುಸಿದು ದಾರಿ ಕಟ್ಟುವುದು ಮಾಮೂಲು. 2024ರ ಜುಲೈಯಲ್ಲಿ ಈ ರಸ್ತೆಯಲ್ಲೇ ಎರಡು ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ತ್ರಿಶೂಲಿ ನದಿಯ ಪಾಲಾಗಿ ಹಲವಾರು ಜನ ಸತ್ತರು. ಗಡಿ ದಾಟುವುದು ಸುಲಭವಾದ ಮಾತ್ರಕ್ಕೆ ಕಾರಿಡಾರ್ ಪೂರ್ತಿಯಾಯಿತೆಂದು ತಿಳಿಯಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಒಂದು ಕಂಟೈನರಿನ ಪ್ರಯಾಣ

ಈಗ ನೀವು ಕಠ್ಮಂಡುವಿನ ಒಬ್ಬ ವ್ಯಾಪಾರಿ ಎಂದುಕೊಳ್ಳಿ. ದೂರದ ದೇಶವೊಂದರಿಂದ ಯಂತ್ರದ ಬಿಡಿಭಾಗಗಳನ್ನು ತರಿಸುತ್ತಿದ್ದೀರಿ. ಆ ಪೆಟ್ಟಿಗೆ ನಿಮ್ಮ ಗೋದಾಮಿಗೆ ಬರುವುದು ಹೇಗೆ?

ಕೋಲ್ಕತ್ತ ಬಂದರು ಇರುವುದು ಸಮುದ್ರದ ದಂಡೆಯಲ್ಲಲ್ಲ, ಹೂಗ್ಲಿ ನದಿಯ ದಂಡೆಯಲ್ಲಿ. ನದಿಯಲ್ಲಿ ಹೂಳು ತುಂಬುತ್ತಲೇ ಇರುತ್ತದೆ; ಆಳ ಕಡಿಮೆ. ಭಾರಿ ಹಡಗುಗಳು ಅಲ್ಲಿಗೆ ಬರಲಾರವು. ಆದ್ದರಿಂದ ನಿಮ್ಮ ಕಂಟೈನರ್ ಸಿಂಗಪುರ ಅಥವಾ ಕೊಲಂಬೊದಂಥ ದೊಡ್ಡ ಬಂದರಿನಲ್ಲಿ ಚಿಕ್ಕ ಹಡಗಿಗೆ ಬದಲಾಗಿ, ಭರತ-ಇಳಿತಗಳ ಹೊತ್ತು ನೋಡಿಕೊಂಡು ನದಿಯೊಳಕ್ಕೆ ಬರುತ್ತದೆ. ಈ ತೊಂದರೆಯಿಂದಲೇ 2016ರಲ್ಲಿ ಆಳವಾದ ವಿಶಾಖಪಟ್ಟಣ ಬಂದರನ್ನೂ ನೇಪಾಳದ ಬಳಕೆಗೆ ತೆರೆಯಲಾಯಿತು. ಹಳಿಯ ದಾರಿ ಸುಮಾರು ಎರಡರಷ್ಟು ಉದ್ದ. ಆದರೆ ದೊಡ್ಡ ಹಡಗು ನೇರವಾಗಿ ಬರುತ್ತದೆ.

ಬಂದರಿನಲ್ಲಿ ಇಳಿದ ಸರಕು ಭಾರತಕ್ಕೆ ಸೇರಿದ್ದಲ್ಲ. ಆದ್ದರಿಂದ ಅದರ ಮೇಲೆ ಭಾರತದ ಆಮದು ಸುಂಕವಿಲ್ಲ. ಸುಂಕವಿಲ್ಲದ ಸರಕು ನಮ್ಮ ನೆಲದ ಮೇಲೆ ನೂರಾರು ಕಿ.ಮೀ. ಸಾಗುವಾಗ ನಡುದಾರಿಯಲ್ಲಿ ಯಾರಾದರೂ ಬಾಗಿಲು ತೆರೆದು ನಮ್ಮದೇ ಮಾರುಕಟ್ಟೆಗೆ ಮಾರಿಬಿಟ್ಟರೆ? ಈ ಒಂದು ಅನುಮಾನವೇ ಸಾಗಣೆಯ ಕಾಗದಪತ್ರಗಳಿಗೆಲ್ಲ ಮೂಲ. ಕಸ್ಟಮ್ಸ್ ಸಾಗಣೆ ಘೋಷಣೆ, ವಿಮೆ, ಕಂಟೈನರಿನ ಬೀಗ, ಮುದ್ರೆಯ ಸಂಖ್ಯೆ ಇವೆಲ್ಲವನ್ನೂ ಬಂದರಿನಲ್ಲೊಮ್ಮೆ, ಗಡಿಯಲ್ಲೊಮ್ಮೆ ತಾಳೆ ನೋಡುತ್ತಿದ್ದರು. ಒಂದು ಅಂಕಿ ತಪ್ಪಿದರೆ ಕಡತ ಹಿಂದಕ್ಕೆ.

ತಡವಾದಷ್ಟೂ ಖರ್ಚು. ಬಂದರಿನ ಜಾಗಕ್ಕೆ ಕೊಡಬೇಕಾದ ಡೆಮರೇಜ್ ಒಂದು ಕಡೆ. ಕಂಟೈನರನ್ನು ಗಡುವಿನೊಳಗೆ ಹಡಗು ಕಂಪನಿಗೆ ಮರಳಿಸದಿದ್ದಕ್ಕೆ ಕಟ್ಟುವ ಬಾಡಿಗೆ ದಂಡ ಇನ್ನೊಂದು ಕಡೆ. ವ್ಯಾಪಾರಿ ಇದನ್ನು ತನ್ನ ಕೈಯಿಂದ ಕೊಡುವುದಿಲ್ಲ. ಸರಕಿನ ಬೆಲೆಗೆ ಸೇರಿಸುತ್ತಾನೆ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ತಗಡಿನ ಹಾಳೆ ಕೊಳ್ಳುವ ರೈತ ಕೋಲ್ಕತ್ತದ ತಡಕ್ಕೆ ತೆರಿಗೆ ಕಟ್ಟಿದಂತೆಯೇ.

ಈ ವ್ಯವಸ್ಥೆ ಸುಧಾರಿಸಿದ್ದು ಹಂತಹಂತವಾಗಿ. ಬೆಂಗಳೂರಿನವರಿಗೆ ವೈಟ್‌ಫೀಲ್ಡಿನ ಕಂಟೈನರ್ ಡಿಪೋ ಗೊತ್ತಿದೆ: ಸಮುದ್ರವಿಲ್ಲದ ಊರಿನಲ್ಲೊಂದು ಬಂದರು. ಅಂಥದೇ ಒಂದು ‘ಡ್ರೈ ಪೋರ್ಟ್’ ವಿಶ್ವಬ್ಯಾಂಕಿನ ನೆರವಿನಿಂದ ಬೀರ್‌ಗಂಜ್ ಬಳಿಯ ಸಿರ್ಸಿಯಾದಲ್ಲಿ ನಿರ್ಮಾಣವಾಯಿತು. ರಕ್ಸೌಲಿನಿಂದ ಕೆಲವೇ ಕಿ.ಮೀ. ಬ್ರಾಡ್‌ಗೇಜ್ ಹಳಿ ಅಲ್ಲಿಗೆ ಹೋಗುತ್ತದೆ. 2004ರಲ್ಲಿ ಎರಡೂ ಸರಕಾರಗಳು ರೈಲು ಸೇವಾ ಒಪ್ಪಂದ ಮಾಡಿಕೊಂಡ ಮೇಲೆ ಬಂದರಿನಿಂದ ಹೊರಟ ರೈಲು ನೇರವಾಗಿ ನೇಪಾಳದ ನೆಲದ ಮೇಲೆ ಹೋಗಿ ನಿಲ್ಲತೊಡಗಿತು. ಈ ಮಾರ್ಗದಲ್ಲಿ ಕಂಟೈನರ್ ರೈಲು ಓಡಿಸಲು 2021ರವರೆಗೆ ಭಾರತದ ಸರಕಾರಿ ಸಂಸ್ಥೆಯೊಂದಕ್ಕೆ ಮಾತ್ರ ಅವಕಾಶವಿತ್ತು; ಆ ವರ್ಷ ಖಾಸಗಿಯವರಿಗೂ ಬಾಗಿಲು ತೆರೆಯಿತು. ಬೀಗದ ಮಾತಿಗೆ ಬಂದರೆ, ಈಗ ಕಂಟೈನರಿಗೆ ಹಾಕುವುದು ವಿದ್ಯುನ್ಮಾನ ಮುದ್ರೆ. ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಅದು ಉಪಗ್ರಹದ ನೆರವಿನಿಂದ ತಿಳಿಸುತ್ತಿರುತ್ತದೆ. ನಡುವೆ ಯಾರಾದರೂ ತೆರೆಯಲು ಹೋದರೆ ಎಚ್ಚರಿಕೆ ಹೋಗುತ್ತದೆ. ಕಾಗದದ ಮೇಲಿನ ಅನುಮಾನ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ರಸ್ತೆಯಲ್ಲಿ ಬರುವ ಸರಕಿಗೂ ಹೊಸ ಏರ್ಪಾಡಾಗಿದೆ. ಹಿಂದೆ ಲಾರಿಗಳೆಲ್ಲ ರಕ್ಸೌಲ್ ಪೇಟೆಯ ಇಕ್ಕಟ್ಟಿನ ಬೀದಿ, ರೈಲ್ವೆ ಗೇಟು, ಟಾಂಗಾಗಳ ನಡುವೆ ನುಗ್ಗಿಕೊಂಡು ಸೇತುವೆ ದಾಟಬೇಕಿತ್ತು. ಈಗ ಪೇಟೆಯ ಹೊರಗೆ ಸಂಯುಕ್ತ ತಪಾಸಣಾ ಠಾಣೆಗಳಿವೆ. ಸುಂಕ, ಗಡಿ ಕಾವಲು, ಸಸ್ಯ ತಪಾಸಣೆ ಎಲ್ಲ ಒಂದೇ ಆವರಣದಲ್ಲಿ. ರಕ್ಸೌಲಿನದು 2016ರಲ್ಲಿ, ಬೀರ್‌ಗಂಜ್‌ನದು 2018ರಲ್ಲಿ ಕೆಲಸ ಆರಂಭಿಸಿದವು.

ಇಷ್ಟಾದರೂ ಒಂದು ದೋಷ ಉಳಿದಿದೆ. ನೇಪಾಳಕ್ಕೆ ತುಂಬಿ ಹೋಗುವ ರೈಲುಗಳೂ ಲಾರಿಗಳೂ ಬಹುಪಾಲು ಬರಿದಾಗಿ ಮರಳುತ್ತವೆ. ಕಳಿಸಲು ನೇಪಾಳದ ಬಳಿ ಹೆಚ್ಚು ಸರಕಿಲ್ಲ. ಆ ದೇಶದ ಒಟ್ಟು ವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಭಾರತದೊಂದಿಗೇ. ಅದರಲ್ಲೂ ಕೊಳ್ಳುವುದು ಬಹಳ, ಮಾರುವುದು ಸ್ವಲ್ಪ. ಬರಿದಾಗಿ ಮರಳುವ ಗಾಡಿಯ ಬಾಡಿಗೆಯನ್ನೂ ತುಂಬಿ ಬಂದ ಸರಕೇ ಹೊರಬೇಕು. ಒಳ್ಳೆಯ ದಾರಿ ಆಮದನ್ನು ಸುಲಭ ಮಾಡಬಲ್ಲದು. ರಫ್ತಿಗೆ ಬೇಕಾದ ಸರಕನ್ನು ತಾನೇ ಹುಟ್ಟಿಸಲಾರದು.

ಹಕ್ಕೋ, ಉಪಕಾರವೋ?

ಈಗ ನಕಾಶೆಯ ಬಂಡಿದಾರಿಯ ಪ್ರಶ್ನೆಗೆ ಬರೋಣ. ಕಡಲಿಲ್ಲದ ದೇಶಕ್ಕೆ ಕಡಲು ತಲುಪುವ ಹಕ್ಕು ಇದೆಯೇ, ಇಲ್ಲವೇ?

1982ರ ಸಮುದ್ರ ಕಾನೂನಿನ ವಿಶ್ವಸಂಸ್ಥೆಯ ಒಡಂಬಡಿಕೆ ಇದಕ್ಕೆ ಉತ್ತರ ಹೇಳುತ್ತದೆ. ಅದರ 125ನೆಯ ವಿಧಿಯ ಪ್ರಕಾರ ಭೂಆವೃತ ರಾಷ್ಟ್ರಗಳಿಗೆ ಸಮುದ್ರಕ್ಕೆ ಹೋಗಿಬರುವ ಹಕ್ಕೂ ನೆರೆಯ ದೇಶದ ಮೂಲಕ ಸರಕು ಸಾಗಿಸುವ ಸ್ವಾತಂತ್ರ್ಯವೂ ಉಂಟು. ಆದರೆ ಅದೇ ವಿಧಿ ಮುಂದುವರಿದು, ಇದರ ಷರತ್ತುಗಳನ್ನು ಎರಡೂ ದೇಶಗಳು ಒಪ್ಪಂದದ ಮೂಲಕ ನಿರ್ಧರಿಸಬೇಕೆಂದೂ, ದಾರಿ ಕೊಡುವ ದೇಶ ತನ್ನ ನ್ಯಾಯವಾದ ಹಿತಗಳನ್ನು ಕಾಪಾಡಿಕೊಳ್ಳಬಹುದೆಂದೂ ಹೇಳುತ್ತದೆ. ಹಕ್ಕು ಒಬ್ಬರದು, ಬೀಗದಕೈ ಇನ್ನೊಬ್ಬರದು. ಅಭಿವೃದ್ಧಿಶೀಲ ದೇಶಗಳಲ್ಲಿ 32 ಭೂಆವೃತವೆಂದು ವಿಶ್ವಸಂಸ್ಥೆ ಗುರುತಿಸಿದೆ. ಇವೆಲ್ಲವುಗಳ ಗೋಳೂ ಇದೇ.

ಭಾರತ-ನೇಪಾಳಗಳ ನಡುವೆ ಒಪ್ಪಂದಗಳ ಸರಣಿಯೇ ಇದೆ. 1950ರಲ್ಲಿ ಶಾಂತಿ-ಮೈತ್ರಿ ಒಪ್ಪಂದದ ಜೊತೆಗೇ ವ್ಯಾಪಾರದ ಒಪ್ಪಂದವೂ ಆಯಿತು. 1960ರಲ್ಲಿ, 1971ರಲ್ಲಿ ಅದು ಹೊಸದಾಯಿತು. ವ್ಯಾಪಾರ ಬೇರೆ, ಸಾಗಣೆ ಬೇರೆ. ವ್ಯಾಪಾರದ ಜಗಳ ಕಡಲ ದಾರಿಗೆ ಅಡ್ಡಬರಬಾರದು ಎಂಬುದು ನೇಪಾಳದ ವಾದವಾಗಿತ್ತು. 1978ರಲ್ಲಿ ಈ ವಾದಕ್ಕೆ ಮನ್ನಣೆ ಸಿಕ್ಕಿ ಎರಡು ಪ್ರತ್ಯೇಕ ಒಪ್ಪಂದಗಳಾದವು.

ಬಾಗಿಲು ಮುಚ್ಚಿದ ಎರಡು ಸಂದರ್ಭಗಳು

1989ರ ಮಾರ್ಚ್ 23ರಂದು ಈ ಒಪ್ಪಂದಗಳ ಅವಧಿ ತೀರಿತು. ಎರಡನ್ನೂ ಮತ್ತೆ ಒಂದೇ ಒಪ್ಪಂದವಾಗಿಸಬೇಕೆಂದು ಭಾರತ, ಬೇರೆಬೇರೆಯಾಗಿಯೇ ಇರಬೇಕೆಂದು ನೇಪಾಳ. ಒಳಗೆ ಇನ್ನೂ ಕೆಲವು ಅಸಮಾಧಾನಗಳಿದ್ದವು: ನೇಪಾಳ ಚೀನದಿಂದ ಶಸ್ತ್ರಾಸ್ತ್ರ ಕೊಂಡದ್ದು, ಅಲ್ಲಿ ದುಡಿಯುವ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿದ್ದು ದಿಲ್ಲಿಗೆ ಹಿಡಿಸಿರಲಿಲ್ಲ. ಒಪ್ಪಂದ ಬೀಳುತ್ತಿದ್ದಂತೆ ಗಡಿಯ ದ್ವಾರಗಳಲ್ಲಿ ರಕ್ಸೌಲ್ ಮತ್ತು ಜೋಗ್‌ಬನಿ ಎರಡನ್ನು ಬಿಟ್ಟು ಉಳಿದವು ಮುಚ್ಚಿದವು. ಸೀಮೆಎಣ್ಣೆ ಸಿಗದೆ ಜನ ಒಲೆಗೆ ಸೌದೆ ಹುಡುಕಿಕೊಂಡು ಕಾಡಿಗೆ ಹೋದರು. ಒಂದು ವರ್ಷ ಕಳೆಯುವಷ್ಟರಲ್ಲಿ ನೇಪಾಳದಲ್ಲಿ ಜನಾಂದೋಲನ ಎದ್ದು, 1990ರ ಏಪ್ರಿಲಿನಲ್ಲಿ ರಾಜ ಬೀರೇಂದ್ರರು ಪಕ್ಷರಹಿತ ಪಂಚಾಯತ್ ವ್ಯವಸ್ಥೆಯನ್ನು ಕೈಬಿಡಬೇಕಾಯಿತು. ಹೊಸ ಸರಕಾರದೊಂದಿಗೆ ಮಾತುಕತೆಯಾಗಿ ಜುಲೈ ಹೊತ್ತಿಗೆ ದಾರಿಗಳು ಮತ್ತೆ ತೆರೆದವು. 1991ರಲ್ಲಿ ವ್ಯಾಪಾರ, ಸಾಗಣೆ ಮತ್ತೆ ಪ್ರತ್ಯೇಕ ಒಪ್ಪಂದಗಳಾದವು.

ಎರಡನೆಯ ಸಂದರ್ಭ 2015ರದು. ಆ ವರ್ಷ ಏಪ್ರಿಲ್ 25ರ ಭಾರಿ ಭೂಕಂಪದಿಂದ ನೇಪಾಳ ಇನ್ನೂ ಚೇತರಿಸಿಕೊಂಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬಂತು. ಅದರಲ್ಲಿ ತಮಗೆ ಸಲ್ಲಬೇಕಾದ ಪಾಲು ಸಿಕ್ಕಿಲ್ಲವೆಂದು ತರಾಯಿಯ ಮಧೇಸಿ ಜನ ಬೀರ್‌ಗಂಜ್‌ನ ಸೇತುವೆಯ ಮೇಲೆ ಕುಳಿತರು. ಪೆಟ್ರೋಲ್, ಅಡುಗೆ ಅನಿಲ, ಔಷಧಿಗಳ ಬರವು ನಿಂತುಹೋಯಿತು. ಇದು ಭಾರತವೇ ಹೇರಿದ ದಿಗ್ಬಂಧನವೆಂದು ಕಠ್ಮಂಡು ಆರೋಪಿಸಿತು. ದಿಲ್ಲಿ ಅದನ್ನು ಒಪ್ಪಲಿಲ್ಲ; ಅಡ್ಡಿಯಿರುವುದು ನೇಪಾಳದ ಕಡೆಯೇ, ಲಾರಿ ಚಾಲಕರಿಗೆ ಅಲ್ಲಿ ರಕ್ಷಣೆಯಿಲ್ಲ ಎಂದಿತು. ವಾದ ಏನೇ ಇರಲಿ, ಭೂಕಂಪದಲ್ಲಿ ಮನೆ ಕಳೆದುಕೊಂಡವರು ಚಳಿಗಾಲವನ್ನು ಇಂಧನವಿಲ್ಲದೆ ಕಳೆದರು. 2016ರ ಫೆಬ್ರುವರಿಯಲ್ಲಿ ಸೇತುವೆ ತೆರವಾಯಿತು. ಮನಸ್ಸುಗಳ ನಡುವಿನ ಅಡ್ಡಿ ಅಷ್ಟು ಬೇಗ ತೆರವಾಗಲಿಲ್ಲ.

ಈ ಎರಡು ಘಟನೆಗಳನ್ನು ನೀವು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದರಲ್ಲಿ ದ್ವಾರ ಮುಚ್ಚಿದ್ದು ಎರಡು ಸರಕಾರಗಳ ಜಗಳದಿಂದ. ಎರಡನೆಯದರಲ್ಲಿ ಕಾರಿಡಾರಿನ ಬಾಯಲ್ಲೇ ವಾಸಿಸುವ ಜನರ ಅಸಮಾಧಾನವೂ ಸೇರಿತ್ತು. ದಾರಿ ಯಾವ ಊರನ್ನು ಹಾದುಹೋಗುತ್ತದೋ ಆ ಊರಿನವರಿಗೆ ತಾವೂ ಪಾಲುದಾರರೆಂಬ ಭಾವನೆ ಇಲ್ಲದಿದ್ದರೆ ಎಷ್ಟು ದೊಡ್ಡ ಒಪ್ಪಂದವಾದರೂ ಒಂದು ಸೇತುವೆಯ ಮೇಲೆ ಸಿಕ್ಕಿಕೊಳ್ಳುತ್ತದೆ.

ಉತ್ತರದ ದಾರಿ ಏಕೆ ಸುಲಭವಲ್ಲ

‘ದಕ್ಷಿಣದ ದಾರಿ ಕಷ್ಟವಾದರೆ ಉತ್ತರಕ್ಕೆ ತಿರುಗಬಹುದಲ್ಲ?’ ಎಂದು ನೀವು ಕೇಳಬಹುದು. ನೇಪಾಳವೂ ಹಾಗೆಯೇ ಯೋಚಿಸಿತು. 2016ರ ಮಾರ್ಚಿಯಲ್ಲಿ ಚೀನದೊಂದಿಗೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿತು. 2019ರಲ್ಲಿ ಅದರ ನಿಯಮಾವಳಿ ಸಿದ್ಧವಾಗಿ, ತಿಯಾಂಜಿನ್, ಶೆನ್‌ಜೆನ್ ಸೇರಿದಂತೆ ಚೀನದ ನಾಲ್ಕು ಕಡಲ ಬಂದರುಗಳನ್ನು ಬಳಸಲು ಅವಕಾಶವಾಯಿತು.

ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಭೂಗೋಳ ಮಾತ್ರ ಬದಲಾಗಿಲ್ಲ. ಆ ಬಂದರುಗಳು 3,000 ಕಿ.ಮೀ.ಗೂ ದೂರ, ನಡುವೆ ಟಿಬೆಟ್ ಪ್ರಸ್ಥಭೂಮಿ. ಗಡಿಯ ಎರಡು ಮುಖ್ಯ ದ್ವಾರಗಳಲ್ಲಿ ಒಂದಾದ ತಾತೋಪಾನಿ 2015ರ ಭೂಕಂಪದಿಂದ ಮುಚ್ಚಿ 2019ರಲ್ಲಷ್ಟೆ ಮತ್ತೆ ತೆರೆಯಿತು. ಇನ್ನೊಂದಾದ ರಸುವಾಗಢಿಯ ಮೈತ್ರಿ ಸೇತುವೆಯನ್ನು 2025ರ ಜುಲೈಯ ಪ್ರವಾಹ ಕೊಚ್ಚಿಕೊಂಡು ಹೋಯಿತು. ಚೀನದಿಂದಲೇ ಬರುವ ಸರಕಿಗೆ ಈ ದಾರಿ ಉಪಯೋಗಕ್ಕೆ ಬರುತ್ತದೆ ನಿಜ. ಬೇರೆ ದೇಶಗಳ ಸರಕಿಗೆ ಕೋಲ್ಕತ್ತದ ಬದಲು ತಿಯಾಂಜಿನ್ ಎನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ. ಆದರೆ ಮಾತುಕತೆಯ ಮೇಜಿನಲ್ಲಿ ಇನ್ನೊಂದು ದಾರಿಯ ಹೆಸರು ಹೇಳುವಂತಿರುವುದಕ್ಕೂ ಒಂದು ಬೆಲೆಯಿದೆ; ನೇಪಾಳ ಅದನ್ನು ಚೆನ್ನಾಗಿಯೇ ಬಲ್ಲದು.

ಕೊಳವೆ, ತಂತಿ, ಹಳಿ

2015ರ ಕಹಿಯ ನಂತರ ನಡೆದ ಕೆಲಸಗಳನ್ನು ನೋಡಿದರೆ ಕಾರಿಡಾರಿನ ಅರ್ಥ ವಿಸ್ತಾರವಾಗಿರುವುದು ತಿಳಿಯುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆ 1974ರಿಂದಲೂ ನೇಪಾಳಕ್ಕೆ ತೈಲ ಕೊಡುತ್ತ ಬಂದಿದೆ. ಅದೆಲ್ಲ ಟ್ಯಾಂಕರ್ ಲಾರಿಗಳಲ್ಲಿ ಹೋಗುತ್ತಿತ್ತು. 2019ರ ಸೆಪ್ಟೆಂಬರ್ 10ರಂದು ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಉದ್ದದ ಕೊಳವೆ ಮಾರ್ಗ ಆರಂಭವಾಯಿತು. ದಕ್ಷಿಣ ಏಷ್ಯದಲ್ಲಿ ಎರಡು ದೇಶಗಳ ಗಡಿ ದಾಟುವ ಮೊದಲ ಪೆಟ್ರೋಲಿಯಂ ಕೊಳವೆ ಇದು. ಒಂದು ಕಾಲದಲ್ಲಿ ಪುಟ್ಟ ರೈಲು ಬಂದು ನಿಲ್ಲುತ್ತಿದ್ದ ಊರಿಗೇ ಈಗ ನೆಲದಡಿಯಲ್ಲಿ ಡೀಸೆಲ್ ಹರಿದುಬರುತ್ತದೆ. ಸಾಗಣೆ ಖರ್ಚು ಕಡಿಮೆ, ಸೋರಿಕೆ ಕಡಿಮೆ, ಸೇತುವೆಯ ಮೇಲೆ ಸಾಲುಗಟ್ಟುವ ಟ್ಯಾಂಕರುಗಳೂ ಕಡಿಮೆ.

ವಿದ್ಯುತ್ತಿನ ಕಥೆ ಇನ್ನೂ ಸ್ವಾರಸ್ಯಕರ. ಹಿಂದೆ ಚಳಿಗಾಲದಲ್ಲಿ ಕಠ್ಮಂಡುವಿನ ಮನೆಗಳಲ್ಲಿ ದಿನಕ್ಕೆ ಹದಿನಾರು ಗಂಟೆಯವರೆಗೂ ಕರೆಂಟು ಇರದ ದಿನಗಳಿದ್ದವು. 2016ರಲ್ಲಿ ಮುಜಫ್ಫರ್‌ಪುರ-ಢಲ್ಕೇಬರ್ ವಿದ್ಯುತ್ ಮಾರ್ಗ ಚಾಲನೆಗೊಂಡು ಭಾರತದ ವಿದ್ಯುತ್ ಬರತೊಡಗಿತು. ಕೆಲವೇ ವರ್ಷಗಳಲ್ಲಿ ನೇಪಾಳದ ಜಲವಿದ್ಯುತ್ ಸ್ಥಾವರಗಳು ಹೆಚ್ಚಿ, 2021ರ ನವೆಂಬರಿನಿಂದ ಅದೇ ತಂತಿಯಲ್ಲಿ ಮಳೆಗಾಲದ ಹೆಚ್ಚುವರಿ ವಿದ್ಯುತ್ ಭಾರತದ ವಿದ್ಯುತ್ ಮಾರುಕಟ್ಟೆಗೆ ಹರಿಯಿತು. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್‌ವರೆಗೆ ಕೊಳ್ಳುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಸಹಿಯಾಯಿತು. ಅದೇ ವರ್ಷ ನವೆಂಬರಿನಲ್ಲಿ ನೇಪಾಳದ 40 ಮೆಗಾವಾಟ್ ವಿದ್ಯುತ್ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶವನ್ನು ತಲುಪಿತು. ಬರಿದಾಗಿ ಮರಳುವ ಲಾರಿಗಳ ಕೊರಗಿಗೆ ಇದೊಂದು ಉತ್ತರ: ಲಾರಿಯೂ ಬಂದರೂ ಬೇಡದ ಸರಕು ಇದು. ಇಲ್ಲೂ ತಕರಾರಿಲ್ಲದಿಲ್ಲ. ಚೀನದ ಬಂಡವಾಳ ಅಥವಾ ಗುತ್ತಿಗೆ ಇರುವ ಸ್ಥಾವರಗಳ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಇದು ಸರಿ ಎನ್ನುವವರಿದ್ದಾರೆ. ನದಿಯ ನೀರಿಗೆ ಯಾವ ದೇಶದ ಮುದ್ರೆ ಎಂದು ಕೇಳುವವರೂ ಇದ್ದಾರೆ.

ಇನ್ನು ಹಳಿ. ಜಯನಗರದಿಂದ ಜನಕಪುರದ ಮೂಲಕ ಕುರ್ಥಾವರೆಗೆ 2022ರ ಏಪ್ರಿಲಿನಲ್ಲಿ ಬ್ರಾಡ್‌ಗೇಜ್ ರೈಲು ಓಡಿತು. ಆ ರೈಲಿನ ಡೆಮು ಬೋಗಿಗಳನ್ನು ಒದಗಿಸಿದ್ದು ಕಾರವಾರ, ಕುಂದಾಪುರ, ಉಡುಪಿಗಳ ಮೂಲಕ ಹಾದುಹೋಗುವ ನಮ್ಮ ಪರಿಚಯದ ಕೊಂಕಣ ರೈಲ್ವೆ ಸಂಸ್ಥೆ. ರಕ್ಸೌಲಿನಿಂದ ಕಠ್ಮಂಡುವಿಗೆ ಸುಮಾರು 140 ಕಿ.ಮೀ. ಹಳಿ ಹಾಕುವ ಯೋಜನೆಯ ಸರ್ವೆ ಹೊಣೆಯನ್ನೂ 2021ರಲ್ಲಿ ಅದಕ್ಕೇ ವಹಿಸಲಾಯಿತು. ಪಶ್ಚಿಮಘಟ್ಟದ ಅಂಚಿನಲ್ಲಿ ಸುರಂಗ ಕೊರೆದು, ಮಳೆಯೊಂದಿಗೆ ಗುದ್ದಾಡಿ ಗಳಿಸಿದ ಅನುಭವ ಹಿಮಾಲಯದ ತಪ್ಪಲಿಗೆ ಹೋಗಿದೆ. ಕರ್ನಾಟಕಕ್ಕೆ ಈ ದಾರಿ ಹಿಂದಿನಿಂದಲೂ ಹೊಸದಲ್ಲ. ಪಶುಪತಿನಾಥನ ಸನ್ನಿಧಿಯಲ್ಲಿ ಪೂಜೆ ಮಾಡುವ ಭಟ್ಟರು ಬಹುಕಾಲದಿಂದ ನಮ್ಮ ಕಡೆಯ ವೈದಿಕ ಮನೆತನಗಳಿಂದ ಹೋದವರು.

ಬಾಗಿಲಲ್ಲಿ ನಿಂತವರ ಪಾಡು

ಕಾರಿಡಾರಿನ ಲಾಭ-ನಷ್ಟದ ಲೆಕ್ಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವವರು ಗಡಿಯ ಊರಿನವರು. ಭಾರತ-ನೇಪಾಳ ಗಡಿ ತೆರೆದ ಗಡಿ. ಎರಡೂ ದೇಶದವರು ಪಾಸ್‌ಪೋರ್ಟ್, ವೀಸಾ ಇಲ್ಲದೆ ಓಡಾಡಬಹುದು. ರಕ್ಸೌಲಿನವರು ಬೀರ್‌ಗಂಜ್‌ಗೆ ಮಗಳನ್ನು ಕೊಟ್ಟಿರುತ್ತಾರೆ, ಬೀರ್‌ಗಂಜ್‌ನವರು ರಕ್ಸೌಲಿನಲ್ಲಿ ರೈಲು ಹಿಡಿಯುತ್ತಾರೆ. ಎರಡೂ ಕಡೆ ಭೋಜಪುರಿ ಮಾತು. ಎರಡೂ ಕಡೆಯ ಅಂಗಡಿಗಳಲ್ಲಿ ಭಾರತದ ಒಂದು ರೂಪಾಯಿಗೆ ನೇಪಾಳದ 1.60 ಎಂಬ ಲೆಕ್ಕ ಬಾಯಿಪಾಠ. ಈ ದರ 1993ರಿಂದ ಬದಲಾಗಿಲ್ಲ. ಇದೇ ತೆರೆದ ಗಡಿಯಲ್ಲಿ ನಮ್ಮ ರೈತರಿಗೆ ಸಬ್ಸಿಡಿಯಲ್ಲಿ ಕೊಡುವ ಗೊಬ್ಬರ ಕಳ್ಳತನದಿಂದ ಆಚೆ ಹೋಗುವುದೂ ಉಂಟು. ಸುಂಕದವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ.

ರಕ್ಸೌಲ್-ಬೀರ್‌ಗಂಜ್ ನಡುವೆ ಹರಿಯುವ ಸಿರ್ಸಿಯಾ ನದಿ ಮಾತ್ರ ಯಾವ ಒಪ್ಪಂದವನ್ನೂ ಓದಿಲ್ಲ. ಸುಲಭವಾಗಿ ಕಚ್ಚಾವಸ್ತು ಸಿಗುವುದರಿಂದ ಬೀರ್‌ಗಂಜ್‌ನ ಉತ್ತರಕ್ಕೆ ಕಾರ್ಖಾನೆಗಳ ಸಾಲೇ ಬೆಳೆದಿದೆ. ಅವುಗಳ ಕೊಳೆ ಹೊತ್ತ ಕಪ್ಪು ನೀರು ಕೆಳಗೆ ರಕ್ಸೌಲಿಗೆ ಬರುತ್ತದೆ. ಛಠ್ ಪೂಜೆಗೆ ನೀರಿಗಿಳಿಯುವ ಹೆಂಗಸರು ಇದರ ಬಗ್ಗೆ ವರ್ಷವರ್ಷವೂ ದೂರುತ್ತಾರೆ. ಸರಕು ಮೇಲಕ್ಕೆ ಹೋಗುತ್ತದೆ, ಕೊಳೆ ಕೆಳಕ್ಕೆ ಬರುತ್ತದೆ. ಸರಕಿಗೆ ವಿದ್ಯುನ್ಮಾನ ಮುದ್ರೆ ಹಾಕಿ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ಈ ನೀರಿನ ಲೆಕ್ಕ ಇಟ್ಟವರಿಲ್ಲ.

ಚರ್ಚೆ ಕೇಳುವಾಗ

ಸಾಗಣೆ ಒಪ್ಪಂದ 2023ರಲ್ಲಿ ಮತ್ತೆ ನವೀಕರಣಗೊಂಡಿತು; ನೇಪಾಳಕ್ಕೆ ಭಾರತದ ಒಳನಾಡು ಜಲಮಾರ್ಗಗಳನ್ನು ಬಳಸುವ ಅವಕಾಶವೂ ಅದರಲ್ಲಿ ಸೇರಿತು. 2025ರ ನವೆಂಬರಿನಲ್ಲಿ ಜೋಗ್‌ಬನಿ-ವಿರಾಟನಗರ ನಡುವಿನ ರೈಲು ಸಾಗಣೆಗೂ ಹಾದಿ ಸುಗಮವಾಯಿತು. ಒಂದೇ ಹೆಬ್ಬಾಗಿಲಿನ ಮೇಲಿನ ಭಾರ ಹೀಗೆ ಹಂಚಿಹೋಗುತ್ತಿರುವುದು ಎರಡೂ ದೇಶಗಳಿಗೆ ಒಳ್ಳೆಯದೇ.

ಚರ್ಚೆಯನ್ನು ಕೇಳುವಾಗ ಕೆಲವು ಪ್ರಶ್ನೆಗಳನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಈ ದಾರಿಯಿಂದ ನೇಪಾಳಕ್ಕೆ ಹೋಗುವುದೆಷ್ಟು, ನೇಪಾಳದಿಂದ ಬರುವುದೆಷ್ಟು? ಜಗಳ ಬಂದಾಗ ದಾರಿ ಮುಚ್ಚದಂತೆ ತಡೆಯುವ ಏರ್ಪಾಡು ಒಪ್ಪಂದದಲ್ಲಿದೆಯೇ, ಇಲ್ಲ ಆಯಾ ಕಾಲದ ನಾಯಕರ ಮರ್ಜಿಗೆ ಬಿಟ್ಟದ್ದೇ? ಗಡಿಯ ಊರಿನವರ ಮಾತನ್ನು ಯಾರಾದರೂ ಕೇಳುತ್ತಿದ್ದಾರೆಯೇ? ಯಾವ ಖಂಡದ ಯಾವ ಕಾರಿಡಾರಿನ ಸುದ್ದಿ ಬಂದರೂ ಈ ಪ್ರಶ್ನೆಗಳನ್ನು ನೀವು ಕೇಳಬಹುದು. ಉತ್ತರ ಸಿಗದಿದ್ದರೆ ಅನುಮಾನಪಡಬಹುದು.

ದಾರಿ ಕೊಡುವವನಿಗೂ ಅದರಲ್ಲಿ ಲಾಭವಿದೆ ಎಂಬುದನ್ನು ನಾವು ಮರೆಯಬಾರದು. ನೇಪಾಳಕ್ಕೆ ಹೋಗುವ ಸರಕಿನ ಬಹುಪಾಲು ನಮ್ಮದೇ ಕಾರ್ಖಾನೆ, ನಮ್ಮದೇ ಹೊಲಗಳದು. ಅದನ್ನು ಹೊರುವ ರೈಲು, ಲಾರಿ, ಕೂಲಿಗಳೂ ಬಹುಮಟ್ಟಿಗೆ ನಮ್ಮವರೇ. ಬದುವಿನ ದಾರಿಯನ್ನು ನೇರ್ಪಾಗಿ ಇಟ್ಟುಕೊಂಡ ಊರಿನಲ್ಲಿ ಒಳಹೊಲದವನೂ ಬಿತ್ತುತ್ತಾನೆ, ಹೊರಹೊಲದವನೂ ಬಿತ್ತುತ್ತಾನೆ. ಸುಗ್ಗಿಯಲ್ಲಿ ಇಬ್ಬರ ಗಾಡಿಯೂ ಅದೇ ದಾರಿಯಲ್ಲಿ ಬರುತ್ತದೆ.